ಜಗಲಿಯಿಂದ ನಡುಮನೆಗೆ

ಕಳೆದ ವರ್ಷ ದಸರೆಗೆ ತವರಿಗೆ ಹೋಗಿದ್ದೆ. ತವರು ಎಂದು ಬಾಯಲ್ಲಿ ಬರುತ್ತದೆ, ಅಷ್ಟೆ. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು, ಅಣ್ಣ ಅತ್ತಿಗೆಯೂ ಇಲ್ಲ. ಈಗ ನುಗ್ಗೇಹಳ್ಳಿಯ ಆ ಮನೆಯಲ್ಲಿರುವವರು ಅಣ್ಣನ ಮಗ ಮತ್ತು ಅವನ ಹೆಂಡತಿ. ಆದರೂ ವರ್ಷಕ್ಕೊಮ್ಮೆ ಆ ಹೊಸಲು ತುಳಿಯದೆ ಇದ್ದರೆ ನನಗೆ ಏನೋ ಮರೆತು ಬಂದ ಹಾಗಿರುತ್ತದೆ.

ಊಟವಾದ ಮೇಲೆ ಅಣ್ಣನ ಸೊಸೆ ಎಲೆಅಡಿಕೆ ತಟ್ಟೆಯ ಜೊತೆಗೆ ನಾಲ್ಕಾರು ಹಾಳೆಗಳನ್ನೂ ತಂದು ನನ್ನ ಮುಂದಿಟ್ಟಳು. "ಅತ್ತೆ, ಕನ್ನಡಕ ಹಾಕ್ಕೊಂಡು ಇದನ್ನೊಂದು ಸಲ ನೋಡಿ. ಆಮೇಲೆ ಬೈಯೋದಿದ್ರೆ ಬೈಯಿರಿ" ಎಂದಳು.

ನೋಡಿದೆ. ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಇಲಾಖೆಯ 'ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಯೋಜನೆಯ ಕಾಗದಗಳು. ನಾವು ವಾಸವಾಗಿರುವ ಮನೆಯಲ್ಲೇ ಒಂದೆರಡು ಕೋಣೆ ಬಿಟ್ಟುಕೊಟ್ಟು, ಬಂದವರಿಗೆ ರಾತ್ರಿ ಹಾಸಿಗೆ, ಬೆಳಿಗ್ಗೆ ತಿಂಡಿ ಕೊಟ್ಟು ಬಾಡಿಗೆ ತೆಗೆದುಕೊಳ್ಳುವ ಏರ್ಪಾಡು. ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ. ಮನೆಯವರು ಆ ಮನೆಯಲ್ಲೇ ಇರಬೇಕು. ಸೌಕರ್ಯ ನೋಡಿ ಚಿನ್ನ, ಬೆಳ್ಳಿ ಎಂದು ಎರಡು ದರ್ಜೆ. ಕೆಳಗೆ ಉದ್ದದ ಪಟ್ಟಿ: ಕೋಣೆಯ ಅಳತೆ, ಬಚ್ಚಲಲ್ಲಿ ಬಿಸಿನೀರು, ಕನ್ನಡಿ, ಪಾಯಿಖಾನೆಗೆ ಮುಚ್ಚಳ, ಬಂದುಹೋದವರ ರಿಜಿಸ್ಟರು. ಅತಿಥಿಯಾದವನು ಏನೇನು ನಿರೀಕ್ಷಿಸಬಹುದು ಎಂಬುದನ್ನು ಒಂದೊಂದಾಗಿ ಬರೆದು ಪಕ್ಕದಲ್ಲಿ ಗುರುತು ಹಾಕಲು ಚೌಕಗಳನ್ನು ಬಿಟ್ಟಿದ್ದರು.

ಬೈಯಲಿಲ್ಲ. ಆದರೆ ಗಂಟಲು ಕಟ್ಟಿದ್ದು ನಿಜ. "ಈ ಮನೇಲಿ ಅನ್ನ ಮಾರ್ತೀಯೇನೆ?" ಎಂದುಬಿಟ್ಟೆ. ಅವಳು ಉತ್ತರ ಕೊಡದೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ನಿದ್ದೆ ಬರಲಿಲ್ಲ. ನಡುಮನೆಯಲ್ಲಿ ಮಲಗಿ ತೊಟ್ಟಿಯ ಮೇಲಿನ ಆಕಾಶ ನೋಡುತ್ತಾ, ಈ ಮನೆಗೆ ಬಂದು ಹೋದವರನ್ನೆಲ್ಲ ಲೆಕ್ಕ ಹಾಕತೊಡಗಿದೆ.

ನಮ್ಮೂರನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ನುಗ್ಗೇಹಳ್ಳಿ ಚನ್ನರಾಯಪಟ್ಟಣ ತಾಲ್ಲೂಕಿನ ಊರು, ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿದೆ. ಸುತ್ತ ತೆಂಗಿನ ತೋಟ. ಹೊಯ್ಸಳರ ಕಾಲದಲ್ಲಿ ಇದಕ್ಕೆ ವಿಜಯ ಸೋಮನಾಥಪುರ ಎಂಬ ದೊಡ್ಡ ಹೆಸರಿತ್ತು. ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಸ್ಥಾನ ಕಟ್ಟಿಸಿದ. ಕೇಶವ, ನರಸಿಂಹ, ವೇಣುಗೋಪಾಲ, ಹೀಗೆ ಮೂರು ಗರ್ಭಗುಡಿಗಳ ತ್ರಿಕೂಟ. ಮೂರು ವರ್ಷದ ಮೇಲೆ, 1249ರಲ್ಲಿ, ಸದಾಶಿವ ದೇವಸ್ಥಾನವಾಯಿತು. ಲಕ್ಷ್ಮೀನರಸಿಂಹನ ಗೋಡೆಯ ಮೂರ್ತಿಗಳನ್ನು ಕಡೆದವರಲ್ಲಿ ಬೈಚೋಜ, ಮಲ್ಲಿತಮ್ಮ ಎಂಬಿಬ್ಬರ ಹೆಸರು ಇಂದಿಗೂ ತಿಳಿಯುತ್ತದೆ. ಹೆಸರು ಕೇಳಿ ಮಲ್ಲಿತಮ್ಮ ಹೆಂಗಸೆಂದು ನಾನು ಚಿಕ್ಕವಳಿದ್ದಾಗ ಬಹಳ ಹೆಮ್ಮೆಪಟ್ಟಿದ್ದೆ. ಗಂಡಸೆಂದು ಮೇಷ್ಟರು ಹೇಳಿದಾಗ ಆದ ನಿರಾಸೆ ಈಗಲೂ ನೆನಪಿದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ನಮ್ಮೂರು ಆ ಪಟ್ಟಿಯಲ್ಲಿಲ್ಲ. ಆದರೂ ಹೊಯ್ಸಳರ ಶಿಲ್ಪದ ಹುಚ್ಚು ಹಿಡಿದವರು ಇಲ್ಲಿಗೂ ಬರುತ್ತಾರೆ. ಅರ್ಧ ಗಂಟೆ ಫೋಟೋ ತೆಗೆದು, ಕಾಫಿ ಎಲ್ಲಿ ಸಿಗುತ್ತದೆ, ಹೆಂಗಸರು ಕೈಕಾಲು ತೊಳೆಯುವ ಜಾಗ ಎಲ್ಲಿದೆ ಎಂದು ಕೇಳಿ, ಸರಿಯಾದ ಉತ್ತರ ಸಿಗದೆ ಕಾರು ಹತ್ತುತ್ತಾರೆ. ಸೊಸೆ ಜಗಲಿಯಲ್ಲಿ ಕುಳಿತು ಇದನ್ನೇ ನೋಡಿದ್ದಾಳೆ. ಅವಳ ಯೋಚನೆ ಅಲ್ಲಿಂದ ಹುಟ್ಟಿದ್ದು.

ದಾರಿಯಲ್ಲಿ ಹೋಗುವವನಿಗೆ ನೀರು, ನೆರಳು, ಅನ್ನ ಕೊಡುವುದು ನಮ್ಮ ನಾಡಿನಲ್ಲಿ ಹಳೆಯ ಸಂಗತಿ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಅಗ್ರಹಾರಗಳಲ್ಲಿ, ದೇವಸ್ಥಾನಗಳಲ್ಲಿ ಅನ್ನಸತ್ರಕ್ಕೆಂದು ಗದ್ದೆ ಬಿಟ್ಟ ಶಾಸನಗಳು ಎಷ್ಟೋ ಇವೆ. ಈ 'ಸತ್ರ'ವೇ ಬಾಯಿಂದ ಬಾಯಿಗೆ 'ಛತ್ರ'ವಾಯಿತು. ಹೊಯ್ಸಳರ ಮೂರನೆಯ ನರಸಿಂಹ 1279ರಲ್ಲಿ ಹೆಬ್ಬಾಲೆ ಎಂಬ ಊರಿನ 645 ಹೊನ್ನಿನ ಹುಟ್ಟುವಳಿಯನ್ನು ಕಾಶಿಗೆ ಹೋಗುವ ಯಾತ್ರಿಕರಿಗಾಗಿ ಬಿಟ್ಟ; ಅಲ್ಲಿ ಅವರ ಮೇಲೆ ಹೇರುತ್ತಿದ್ದ ತೆರಿಗೆ ಕಟ್ಟುವುದಕ್ಕೆಂದು. ಕನ್ನಡದವರಿಗಷ್ಟೇ ಅಲ್ಲ, ತೆಲುಗರಿಗೆ, ತುಳುವರಿಗೆ, ಮಲೆಯಾಳದವರಿಗೂ ಸೇರಿ. ಇಲ್ಲಿ ಕುಳಿತ ದೊರೆ ಅಲ್ಲಿ ನಡೆಯುವವನ ಕಷ್ಟ ನೆನೆದನಲ್ಲ ಎಂದು ಓದಿದಾಗ ಸಂತೋಷವಾಗಿತ್ತು.

ಆದರೆ ಶಾಸನದಲ್ಲಿ ಗದ್ದೆ ಕೊಟ್ಟವನ ಹೆಸರಿರುತ್ತದೆ, ಸಾಕ್ಷಿಗಳ ಹೆಸರಿರುತ್ತದೆ, ದಾನ ಕೆಡಿಸಿದವನಿಗೆ ಬರುವ ಪಾಪದ ವಿವರ ಇರುತ್ತದೆ. ಬೆಳಿಗ್ಗೆ ಎದ್ದು ಆ ಸತ್ರದ ಒಲೆ ಹಚ್ಚಿದವರ ಹೆಸರು ನಾನು ಓದಿದ್ದರಲ್ಲಿ ಕಾಣಲಿಲ್ಲ. ಅಹಲ್ಯಾಬಾಯಿ ಹೋಳ್ಕರ್ ದೇಶದ ಉದ್ದಗಲಕ್ಕೂ ಧರ್ಮಶಾಲೆ ಕಟ್ಟಿಸಿದಳು. ರಾಣಿಯಾದ್ದರಿಂದ ಹೆಸರು ಉಳಿಯಿತು.

ಮುಂದೆ ಮೈಸೂರು ಸೀಮೆಯಲ್ಲಿ ಛತ್ರಗಳದೇ ಒಂದು ಕಾಲ ಬಂತು. ಇಂಗ್ಲಿಷರು ನಮ್ಮ 'ಚಾವಡಿ'ಯನ್ನು ತಿರುಚಿ 'ಚೌಲ್ಟ್ರಿ' ಮಾಡಿದರು. ಬೆಂಗಳೂರಿನ ರೈಲ್ವೆ ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು 1903ರಲ್ಲಿ ಆರಂಭಿಸಿದ ಛತ್ರದ ಹೆಸರು ಕೇಳದವರು ಕಡಿಮೆ. ಹಳ್ಳಿಯಿಂದ ಪರೀಕ್ಷೆಗೆ, ಆಸ್ಪತ್ರೆಗೆ, ಕೋರ್ಟಿಗೆ ಬಂದು ಇಳಿದವರಿಗೆ ತಲೆಯ ಮೇಲೊಂದು ಸೂರು. ಸಾಮಾನ್ಯವಾಗಿ ಛತ್ರದಲ್ಲಿ ಮೂರು ದಿನ ಇರಬಹುದು ಎಂಬ ಕಟ್ಟುಪಾಡು. ಮನುಸ್ಮೃತಿ ಇನ್ನೂ ಬಿಗಿ. ಒಂದೇ ರಾತ್ರಿ ತಂಗುವವನು ಅತಿಥಿ ಎನ್ನುತ್ತದೆ. ತಿಂಗಳುಗಟ್ಟಲೆ ಇದ್ದು ಹೋದ ನೆಂಟರನ್ನು ನಮ್ಮ ಅಜ್ಜಿ ಏನೆಂದು ಕರೆಯಬೇಕಿತ್ತೋ ಕಾಣೆ.

ಛತ್ರಗಳಲ್ಲಿ ಇನ್ನೊಂದು ಪದ್ಧತಿ ಇತ್ತು, ಪಡಿ ಕೊಡುವುದು. ಬೇರೆಯವರು ಬೇಯಿಸಿದ್ದನ್ನು ಮುಟ್ಟದ ಮಡಿವಂತರಿಗೆ ಅಕ್ಕಿ, ಬೇಳೆ, ಉಪ್ಪು, ಹುಣಿಸೆಹಣ್ಣು ಅಳೆದು ಕೊಟ್ಟರೆ ಅವರೇ ಒಂದು ಮೂಲೆಯಲ್ಲಿ ಒಲೆ ಹೂಡಿ ಬೇಯಿಸಿಕೊಳ್ಳುತ್ತಿದ್ದರು. ಅವರೇ ಎಂದರೆ ಅವರ ಜೊತೆಯಲ್ಲಿ ಬಂದ ಹೆಂಗಸರು. ಯಾತ್ರೆಗೆ ಹೋದರೂ ಒಲೆ ತಪ್ಪಲಿಲ್ಲ ಎಂದು ನಮ್ಮಮ್ಮ ನಗುತ್ತಿದ್ದಳು.

ನಮ್ಮದು ಛತ್ರವಲ್ಲ, ಮನೆ. ಆದರೆ ದಾರಿಯ ಪಕ್ಕದ ಮನೆ, ಮೇಲಾಗಿ ಶ್ಯಾನುಭೋಗರ ಮನೆ. ತಾತ ಶ್ಯಾನುಭೋಗರು, ಅವರ ನಂತರ ನಮ್ಮ ತಂದೆ. ಇಂಥ ಮನೆಗೆ ಯಾರು ಯಾವಾಗ ಬರುತ್ತಾರೆಂಬುದಕ್ಕೆ ತಿಥಿಯೂ ಇಲ್ಲ, ಮಿತಿಯೂ ಇಲ್ಲ. ಬಂದವರು ಎಲ್ಲಿಯವರೆಗೆ ಬರಬಹುದು ಎಂಬುದಕ್ಕೆ ಮಾತ್ರ ಲೆಕ್ಕವಿತ್ತು. ಮೊದಲು ಜಗಲಿ, ಆಮೇಲೆ ಪಡಸಾಲೆ, ಆಮೇಲೆ ತೊಟ್ಟಿ ದಾಟಿ ನಡುಮನೆ, ಕೊನೆಗೆ ಅಡುಗೆಮನೆ. ಬಂದವನ ಜಾತಿ, ಹುದ್ದೆ, ನೆಂಟಸ್ತಿಕೆ ನೋಡಿ ಅವನ ಕಾಲು ಎಲ್ಲಿ ನಿಲ್ಲಬೇಕೆಂದು ಎಲ್ಲರಿಗೂ ಗೊತ್ತಿತ್ತು, ಬಂದವನಿಗೂ ಗೊತ್ತಿತ್ತು.

ತಿಪಟೂರಿಗೆ ಕೊಬ್ಬರಿ ಹೊತ್ತು ಹೋಗುವ ಗಾಡಿಯವರು ರಾತ್ರಿ ನಮ್ಮ ಜಗಲಿಯಲ್ಲಿ ಮಲಗುತ್ತಿದ್ದರು. ಎತ್ತು ಬಿಚ್ಚಿ, ಮೂರು ಕಲ್ಲಿಟ್ಟು, ಮುದ್ದೆ ಮಾಡಿಕೊಳ್ಳುತ್ತಿದ್ದರು. ಅವರು ಕೇಳುತ್ತಿದ್ದುದು ಒಂದಿಷ್ಟು ಕೆಂಡ, ಒಂದು ಚೊಂಬು ಮಜ್ಜಿಗೆ, ಕೆಲವೊಮ್ಮೆ ಒಂದು ತುಂಡು ಉಪ್ಪಿನಕಾಯಿ. ಮಜ್ಜಿಗೆಯನ್ನು ಮೇಲಿನಿಂದ ಹೊಯ್ಯುತ್ತಿದ್ದೆವು, ಕೆಲವರಿಗೆ ಬೊಗಸೆಗೆ. ಅದನ್ನು ಔದಾರ್ಯ ಎಂದುಕೊಂಡೇ ನಾನು ಬೆಳೆದೆ. ಬೊಗಸೆ ಒಡ್ಡಿದವರಿಗೆ ಅದು ಹೇಗೆ ಕಂಡಿತೆಂದು ಯೋಚಿಸಲು ನನಗೆ ಬಹಳ ವರ್ಷ ಬೇಕಾಯಿತು. ನಮ್ಮ ಹಿರಿಯರ ಆತಿಥ್ಯವನ್ನು ಹೊಗಳುವವರು ಈ ಬೊಗಸೆಯನ್ನು ಬಿಟ್ಟು ಮಾತಾಡಿದರೆ ಈಗ ನನಗೆ ಸಹನೆಯಾಗುವುದಿಲ್ಲ.

ಪಡಸಾಲೆಯವರೆಗೆ ಬರುತ್ತಿದ್ದವರಲ್ಲಿ ವಾರಾನ್ನದ ಹುಡುಗರೂ ಇದ್ದರು. ಓದಲು ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆ ಹಿಡಿಯುತ್ತಿದ್ದ. ಮೈಸೂರು ಸೀಮೆಯಲ್ಲಿ ಎಷ್ಟೋ ಜನ ಹೀಗೇ ಓದಿ ಮೇಲೆ ಬಂದರು. ನಮ್ಮ ತಾಲ್ಲೂಕಿನ ಸಂತೇಶಿವರದವರಾದ ಎಸ್. ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ'ಯನ್ನು ಓದಿದವರಿಗೆ ಆ ಕಾಲದ ಬಡ ಹುಡುಗರಿಗೆ ಒಂದು ಹೊತ್ತಿನ ಊಟವೆಂದರೆ ಏನಾಗಿತ್ತೆಂಬುದು ಗೊತ್ತು. ನಮ್ಮ ಮನೆಗೆ ಗುರುವಾರ ಬರುತ್ತಿದ್ದ ಹುಡುಗನೊಬ್ಬ ಊಟವಾದ ಮೇಲೆ ಅಡುಗೆಮನೆಯ ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಏನೂ ಹೇಳದೆ ಹೋಗುತ್ತಿದ್ದ. ಅವನು ನಿಲ್ಲುತ್ತಿದ್ದುದು ಅಕ್ಕಯ್ಯನಿಗಾಗಿ.

ಅಕ್ಕಯ್ಯ ನಮ್ಮ ತಂದೆಯ ಅಕ್ಕ. ಹನ್ನೆರಡು ತುಂಬುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದ್ದರಂತೆ. ಆಗ ಅಡುಗೆಮನೆ ಹೊಕ್ಕವಳು ಅರುವತ್ತು ವರ್ಷಕ್ಕೂ ಮಿಕ್ಕಿ ಅಲ್ಲಿಂದ ಹೊರಗೆ ಬರಲಿಲ್ಲ. ಅಪ್ಪನಿಗೆ ಅಕ್ಕಯ್ಯ, ಅಮ್ಮನಿಗೆ ಅಕ್ಕಯ್ಯ, ನಮಗೂ ಅಕ್ಕಯ್ಯ. ನಮ್ಮ ಮನೆಯ ಅತಿಥಿಸತ್ಕಾರ ಸುತ್ತ ಹತ್ತೂರಿಗೆ ಹೆಸರಾಗಿತ್ತು. 'ಶ್ಯಾನುಭೋಗರ ಮನೆ ಹುಳಿ' ಎನ್ನುತ್ತಿದ್ದರು. ಶ್ಯಾನುಭೋಗರು ಹುಳಿಗೆ ಒಂದು ಸಾಸಿವೆಕಾಳನ್ನೂ ಹಾಕಿದವರಲ್ಲ.

ಇನ್ನು ಮೊಕ್ಕಾಂ. ಮೇಲಿನ ಅಧಿಕಾರಿಗಳು ಜಮಾಬಂದಿಗೋ ತಪಾಸಣೆಗೋ ಬಂದರೆ ಊರಿನಲ್ಲಿ ಮೊಕ್ಕಾಂ ಹೂಡುತ್ತಿದ್ದರು. ದೊಡ್ಡ ಊರುಗಳಲ್ಲಿ ಮುಸಾಫರಖಾನೆ ಇರುತ್ತಿತ್ತು. ಅದೇ ಮುಂದೆ ಪ್ರವಾಸಿ ಮಂದಿರವಾಯಿತು. ಅದಿಲ್ಲದ ಕಡೆ ಶ್ಯಾನುಭೋಗರ ಮನೆ, ಪಟೇಲರ ಮನೆ. ಅವರಿಗೆ ಸರ್ಕಾರ ಭತ್ಯ ಕೊಡುತ್ತಿತ್ತು. ಅದರಲ್ಲಿ ಒಂದು ಕಾಸೂ ನಮ್ಮ ಒಲೆಯ ಹತ್ತಿರ ಸುಳಿಯಲಿಲ್ಲ. ಬೆಳಿಗ್ಗೆಯೇ ತಳವಾರ ಸುದ್ದಿ ತರುತ್ತಿದ್ದ. ಪೆಟ್ಟಿಗೆಯಿಂದ ಹೊಸ ಜಮಖಾನ ಹೊರಗೆ ಬರುತ್ತಿತ್ತು, ಲಾಂದ್ರದ ಗಾಜು ಒರೆಸಬೇಕಾಗುತ್ತಿತ್ತು, ಹಂಡೆಗೆ ಉರಿ ಹಾಕಬೇಕಾಗುತ್ತಿತ್ತು. ಮಕ್ಕಳಿಗೆ ಅಂದು ಹಾಲಿಲ್ಲ, ಸಾಹೇಬರ ಕಾಫಿಗೆ ಬೇಕು.

ಒಮ್ಮೆ ಬಂದ ಅಧಿಕಾರಿಯೊಬ್ಬರು ರಾತ್ರಿ ಊಟ ಮುಗಿಸಿ, ನಾಳೆ ಬೆಳಿಗ್ಗೆ ಒತ್ತುಶಾವಿಗೆ, ಕಾಯಿಹಾಲು ಆದರೆ ಚೆನ್ನಾಗಿತ್ತು ಎಂದರು. ಜವಾನನ ಬಾಯಲ್ಲಿ ಅದು ಅಡುಗೆಮನೆಗೆ ಬಂತು. ಒತ್ತುಶಾವಿಗೆ ಮಾಡುವವರಿಗೆ ಗೊತ್ತು, ಅದು ನೆನೆಸಬೇಕು, ರುಬ್ಬಬೇಕು, ಬೇಯಿಸಬೇಕು, ಬಿಸಿ ಆರುವ ಮೊದಲೇ ಒರಳಿನಲ್ಲಿಟ್ಟು ಮೈಯೆಲ್ಲಾ ಬಲ ಹಾಕಿ ಒತ್ತಬೇಕು. ಆಗಲೇ ಒಲೆ ಸಾರಿಸಿ ಮಲಗಲು ಹೊರಟಿದ್ದ ಅಕ್ಕಯ್ಯ ಮತ್ತೆ ಅಕ್ಕಿ ನೆನೆಹಾಕಿದಳು. ನಾಲ್ಕು ಗಂಟೆಗೆ ರುಬ್ಬುವ ಸದ್ದಿಗೆ ನನಗೆ ಎಚ್ಚರವಾಯಿತು. ಬೆಳಿಗ್ಗೆ ಸಾಹೇಬರು ಹೊಟ್ಟೆ ತುಂಬ ತಿಂದು, ಅಪ್ಪನ ಲೆಕ್ಕದ ಪುಸ್ತಕಗಳನ್ನು ಹೊಗಳಿ ಹೊರಟರು. ಅವರು ಹೊರಡುವ ಹೊತ್ತಿಗೆ ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಪ್ರಯಾಣ ಹೊರಟವರಿಗೆ ಅಕ್ಕಯ್ಯ ಎದುರಾಗಬಾರದಲ್ಲ. ಕೈಗೆ ಮೆತ್ತಿದ್ದ ಹಿಟ್ಟು ತೊಳೆಯಲು ಬಚ್ಚಲಿಗೆ ಹೊರಟಿದ್ದ ಅವಳು ಬಾಗಿಲ ಹಿಂದೆಯೇ ನಿಂತಳು, ಗಾಡಿಯ ಸದ್ದು ದೂರವಾಗುವವರೆಗೆ.

ಗ್ರಾಮಾಧಿಕಾರದ ವಂಶಪಾರಂಪರ್ಯ 1963ರಲ್ಲಿ ಮುಗಿಯಿತು. ಶ್ಯಾನುಭೋಗಿಕೆ ಹೋಯಿತೆಂದು ಗಂಡಸರೆಲ್ಲ ಸಾವಿನ ಮನೆಯಲ್ಲಿರುವಂತೆ ಕುಳಿತಿದ್ದರು. ಅಡುಗೆಮನೆಯಲ್ಲಿ ಅಂಥ ದುಃಖವೇನೂ ಕಾಣಲಿಲ್ಲ. "ಇನ್ನು ಮೊಕ್ಕಾಂ ಇಲ್ಲವೋ?" ಎಂದು ಅಕ್ಕಯ್ಯ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಹೀಗೆಂದರೆ ಅತಿಥಿಗಳೆಂದರೆ ಅವಳಿಗೆ ಬೇಸರವೆಂದು ತಿಳಿಯಬೇಡಿ. 1981ರಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟನಿಗೆ ಸಾವಿರ ವರ್ಷದ ಮಹಾಮಸ್ತಕಾಭಿಷೇಕ ನಡೆದಾಗ ಈ ಸೀಮೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಉತ್ತರ ಕರ್ನಾಟಕದ ಜೈನ ಸಂಸಾರವೊಂದು ಬಸ್ಸು ತಪ್ಪಿ ನಮ್ಮೂರಿನಲ್ಲಿ ಉಳಿಯಿತು. ಅಣ್ಣ ಮನೆಗೆ ಕರೆದುಕೊಂಡು ಬಂದ. ನಾನೂ ಮಗುವಿನೊಡನೆ ಅಲ್ಲೇ ಇದ್ದೆ. ಬಂದ ಹೆಂಗಸು ಸಂಕೋಚದಿಂದ, ತಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಆಗದು, ನೆಲದೊಳಗೆ ಬೆಳೆಯುವ ಗಡ್ಡೆಯೂ ಆಗದು, ನೀರು ಬಟ್ಟೆಯಲ್ಲಿ ಸೋಸಬೇಕು ಎಂದಳು. ಗಂಟೆ ನಾಲ್ಕೂವರೆ. ಒಲೆಯ ಮೇಲೆ ಬೇಯುತ್ತಿದ್ದದ್ದು ಆಲೂಗೆಡ್ಡೆ. ಹಾಸನ ಸೀಮೆಯ ಮನೆಯಲ್ಲಿ ಇನ್ನೇನು ಬೆಂದೀತು?

ಅಕ್ಕಯ್ಯನಿಗೆ ಆಗ ಎಪ್ಪತ್ತೈದು ದಾಟಿತ್ತು. ಆಲೂಗೆಡ್ಡೆ ಪಾತ್ರೆ ಕೆಳಗಿಳಿಸಿದಳು. ಹಿತ್ತಿಲಿನ ಅವರೆಕಾಯಿ ಬಿಡಿಸಲು ನಮ್ಮನ್ನೆಲ್ಲ ಕೂರಿಸಿದಳು. ಸೂರ್ಯ ತೆಂಗಿನ ಗರಿಗಳ ಹಿಂದೆ ಇಳಿಯುವುದರೊಳಗೆ ಎಲೆ ಹಾಕಿಯಾಗಿತ್ತು. ಆ ಹೆಂಗಸು ಉಂಡೆದ್ದವಳು ಪಡಸಾಲೆಗೆ ಹೋಗದೆ ನೇರ ಅಡುಗೆಮನೆಯ ಹೊಸಲಿಗೆ ಬಂದಳು. "ನೀವು ಉಣ್ಣೋದು ಯಾವಾಗ ಅವ್ವಾ?" ಎಂದು ಕೇಳಿ ಅಲ್ಲೇ ಕುಳಿತುಬಿಟ್ಟಳು. ಅಕ್ಕಯ್ಯ ರಾತ್ರಿ ಉಣ್ಣುವವಳಲ್ಲ. ವಿಧವೆಯರಿಗೆ ಒಂದೇ ಹೊತ್ತು. ಅದನ್ನು ಹೇಳುವಾಗ ಅವಳು ನಕ್ಕಳು. ಇಬ್ಬರೂ ಕತ್ತಲಾಗುವವರೆಗೆ ಮಾತಾಡಿದರು. ಮರುದಿನ ಅವರು ಹೊರಟಾಗ ಆ ಹೆಂಗಸು ಬಾಗಿಲ ಹಿಂದಿದ್ದ ಅಕ್ಕಯ್ಯನನ್ನು ಕೈಹಿಡಿದು ಜಗಲಿಯವರೆಗೆ ಕರೆತಂದು, ಕಾಲಿಗೆ ನಮಸ್ಕರಿಸಿ, ಅವಳ ಎದುರಿನಲ್ಲೇ ಮೆಟ್ಟಿಲಿಳಿದಳು. ಅಮ್ಮ ಬೆರಗಾಗಿ ನೋಡುತ್ತಿದ್ದಳು. ಮೂರು ವರ್ಷದ ಮೇಲೆ ಅಕ್ಕಯ್ಯ ತೀರಿಕೊಂಡಳು.

ಅನ್ನ ಮಾರಬಾರದು ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಅಂದು ನನ್ನ ಬಾಯಿಂದ ಬಂದದ್ದು ಅದೇ. ಅನ್ನವಿಕ್ರಯ ಪಾಪವೆಂದು ಹಳಬರು ನಂಬಿದ್ದರು. ಹೋಟೆಲು ಬಂದ ಹೊಸತರಲ್ಲಿ ಅಲ್ಲಿ ತಿನ್ನುವವನನ್ನೂ, ಹೋಟೆಲು ಇಟ್ಟವನನ್ನೂ ಕೀಳಾಗಿ ಕಂಡರು. ಆದರೂ ಉಡುಪಿ ಕಡೆಯಿಂದ ಬಂದವರು ಊರೂರಲ್ಲಿ ಹೋಟೆಲು ತೆರೆದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂ.ಟಿ.ಆರ್. ಎಲ್ಲರಿಗೂ ಗೊತ್ತು. ಗಂಡಸರು ಮನೆಯಲ್ಲಿ ಮಡಿ ಮಾತಾಡಿ, ಪೇಟೆಯಲ್ಲಿ ಮಸಾಲೆದೋಸೆ ತಿಂದು ಬಂದರು. ಹೆಂಗಸರಿಗೆ ಹೋಟೆಲು ದಕ್ಕಿದ್ದು ಬಹಳ ತಡವಾಗಿ, ಅದೂ ಪರದೆ ಎಳೆದ 'ಫ್ಯಾಮಿಲಿ ರೂಂ'ನಲ್ಲಿ. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಆ ಪರದೆಯ ಜಿಡ್ಡುವಾಸನೆ ಮರೆತಿರಲಾರದು.

ಇದು ಊಟದ ಮಾತಾಯಿತು. ರಾತ್ರಿ ತಂಗುವುದು? ನಾನು ಉಪಾಧ್ಯಾಯಿನಿಯಾಗಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಬೇರೊಂದು ಜಿಲ್ಲೆಯ ಊರಿಗೆ ಹೋಗಬೇಕಾಯಿತು. ಬಸ್ಸು ಕೆಟ್ಟು ರಾತ್ರಿ ಎಂಟೂವರೆಗೆ ಇಳಿದೆ. ಕೈಯಲ್ಲಿ ದುಡ್ಡಿತ್ತು, ಇಲಾಖೆಯ ಆದೇಶದ ಕಾಗದವಿತ್ತು. ಎರಡು ಲಾಡ್ಜುಗಳಲ್ಲಿ ಕೇಳಿದೆ. "ಜೊತೆಗೆ ಯಾರಿದ್ದಾರೆ?" ಎಂದರು. ಯಾರೂ ಇಲ್ಲವೆಂದಾಗ, "ಒಂಟಿ ಹೆಂಗಸರಿಗೆ ರೂಮು ಕೊಡುವುದಿಲ್ಲ" ಎಂದರು. ಎರಡನೆಯ ಕಡೆಯಲ್ಲಿ ಕೌಂಟರಿನ ಹಿಂದೆ ನಿಂತ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಹೆಂಗಸೊಬ್ಬಳು ತನ್ನ ಮನೆಗೆ ಕರೆದುಕೊಂಡು ಹೋದಳು. ಒಂದೇ ಕೋಣೆಯ ಮನೆ. ತನ್ನ ಮಗನನ್ನು ಹೊರಗೆ ಮಲಗಿಸಿ, ನನಗೆ ಚಾಪೆ ಹಾಸಿ, "ಒಳಗಿಂದ ಚಿಲಕ ಹಾಕ್ಕೊಳ್ಳೋಣ ಕಣಮ್ಮ, ಹೆದರಬೇಡ" ಎಂದಳು. ಬೆಳಿಗ್ಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಒಂದು ಮೊಳ ಹೂ ಕೊಂಡೆ. ಅದಕ್ಕೆ ಮಾತ್ರ ಸರಿಯಾದ ಬೆಲೆ ತೆಗೆದುಕೊಂಡಳು.

ಅವಳು ಯಾವ ಜಾತಿ ಎಂದು ನಾನು ಕೇಳಲಿಲ್ಲ, ಅವಳು ಕೊಟ್ಟ ನೀರು ಕುಡಿದೆ. ಅವಳು ನಮ್ಮ ಮನೆಗೆ ಬಂದಿದ್ದರೆ ಎಲ್ಲಿ ನಿಲ್ಲಬೇಕಾಗುತ್ತಿತ್ತು ಎಂಬುದು ಮಾತ್ರ ಆ ಚಾಪೆಯ ಮೇಲೆ ಮಲಗಿದಾಗಲೇ ಹೊಳೆದಿತ್ತು.

ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ಪೂಲ್ ಎಂಬ ಸಮುದ್ರತೀರದ ಊರಿದೆ. 1846ರಲ್ಲಿ ಅಲ್ಲಿಗೆ ರೈಲು ಬಂತು. ಲ್ಯಾಂಕಾಷೈರಿನ ಹತ್ತಿ ಗಿರಣಿಗಳ ಕೆಲಸದವರು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಊರೇ ಎದ್ದು ಅಲ್ಲಿಗೆ ಹೋಗತೊಡಗಿದರು. ಅವರಿಗೆ ತಂಗಲು ಜಾಗ ಕೊಟ್ಟವರು ಅಲ್ಲಿಯ ಮನೆಗಳ ಹೆಂಗಸರು. ಹಾಸಿಗೆ ಮತ್ತು ತಿಂಡಿಯ ಮನೆಗಳಿಗೆ ಈ ಹೆಂಗಸರೇ ಹೆಸರಾದರು. ಹಿಂದೆ ಅಲ್ಲಿ ಒಂದು ಪದ್ಧತಿಯಿತ್ತು: ಬಂದವರು ತಮ್ಮ ಸಾಮಾನನ್ನು ತಾವೇ ಕೊಂಡು ತರುವುದು, ಮನೆಯಾಕೆ ಅದನ್ನು ಬೇಯಿಸಿಕೊಟ್ಟು ಕೋಣೆಗೆ, ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದು. ನಮ್ಮ ಛತ್ರದ ಪಡಿಯನ್ನು ತಲೆಕೆಳಗು ಮಾಡಿದ ಹಾಗೆ. ಮೇಜಿನ ಮೇಲಿನ ಉಪ್ಪು ಮೆಣಸಿನ ಬಟ್ಟಲು ಬಳಸಿದ್ದಕ್ಕೂ ಬೇರೆ ಲೆಕ್ಕ ಬರೆಯುತ್ತಿದ್ದರೆಂದು ಅವರನ್ನು ಗೇಲಿ ಮಾಡುತ್ತಾರೆ. ತಿಂಡಿಯಾದ ಮೇಲೆ ಸಂಜೆಯವರೆಗೆ ಅತಿಥಿಗಳು ಮಳೆ ಬಂದರೂ ಹೊರಗೇ ಇರಬೇಕು ಎಂಬ ನಿಯಮದ ಬಗ್ಗೆಯೂ ನಗೆಮಾತುಗಳಿವೆ.

ಇದನ್ನು ಮೊದಲು ಓದಿದಾಗ ನಾನೂ ನಕ್ಕಿದ್ದೆ. ಉಪ್ಪಿಗೂ ಲೆಕ್ಕವೇ! ಆ ದಸರೆಯ ರಾತ್ರಿ ನಗು ಬರಲಿಲ್ಲ. ಅವರಲ್ಲಿ ಗಂಡನಿಲ್ಲದವರು, ಮದುವೆಯಾಗದವರು ಎಷ್ಟೋ ಜನ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವರೂ ಅಕ್ಕಯ್ಯನ ಹಾಗೆ ಒಲೆಯ ಮುಂದೆ ಬೆಂದವರೇ. ವ್ಯತ್ಯಾಸವೆಂದರೆ ಕೊನೆಗೆ ದುಡ್ಡು ಅವರ ಕೈಗೇ ಬರುತ್ತಿತ್ತು, ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುವ ಅಧಿಕಾರ ಅವರಿಗಿತ್ತು. ಅಕ್ಕಯ್ಯನ ಕೈಗೆ ಬಂದದ್ದು ವರ್ಷಕ್ಕೆರಡು ಸೀರೆ. ಅಪ್ಪ ಕೆಟ್ಟವರಲ್ಲ. ಅಕ್ಕನ ಮೇಲೆ ಪ್ರೀತಿಯೇ ಇತ್ತು. ಲೆಕ್ಕದ ಪುಸ್ತಕ ಅಷ್ಟು ಚೊಕ್ಕವಾಗಿ ಬರೆಯುತ್ತಿದ್ದವರಿಗೆ ಇದೂ ಒಂದು ಲೆಕ್ಕವೆಂದು ಹೊಳೆಯಲಿಲ್ಲ, ಅಷ್ಟೆ.

ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಸೊಸೆಯನ್ನು ಕರೆದೆ. "ಅಡುಗೆ ಯಾರು ಮಾಡ್ತಾರೆ?" ಎಂದೆ.

"ನಾನೊಬ್ಬಳೇ ಅಂದ್ರೆ ಆಗಲ್ಲ ಅತ್ತೆ. ಕೆರೆ ಬೀದಿಯವರೊಬ್ಬರು ಬರ್ತೀನಿ ಅಂದಿದ್ದಾರೆ. ತಿಂಗಳ ಸಂಬಳ. ಅಕ್ಕಿರೊಟ್ಟಿ ನನಗಿಂತ ಚೆನ್ನಾಗಿ ತಟ್ತಾರೆ."

ಕೆರೆ ಬೀದಿಯವರು ನಮ್ಮ ಅಡುಗೆಮನೆಗೆ! ನನ್ನ ಮುಖ ನೋಡಿ ಅವಳು ಸುಮ್ಮನಾದಳು. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಎಪ್ಪತ್ತೈದರ ಹತ್ತಿರದ ಮುದುಕಿಗೆ ಅಷ್ಟು ಸಮಯ ಬೇಕು. ಆಮೇಲೆ ಕಾಗದಗಳನ್ನು ತರಲು ಹೇಳಿದೆ. ಇಬ್ಬರೂ ಕುಳಿತು ಒಂದೊಂದೇ ಚೌಕ ನೋಡಿದೆವು. ಬಚ್ಚಲು ಕಟ್ಟಿಸಬೇಕು. ಪಾಯಿಖಾನೆಯ ಮುಚ್ಚಳ ಸರಿ. ಕೋಣೆಗಳನ್ನು ತೋರಿಸಿದಳು. ಅಪ್ಪ ಲೆಕ್ಕ ಬರೆಯುತ್ತಿದ್ದ ಕೋಣೆ ಒಂದು, ಅಡುಗೆಮನೆಯ ಪಕ್ಕದಲ್ಲಿ ಅಕ್ಕಯ್ಯ ಮಲಗುತ್ತಿದ್ದ ಉಗ್ರಾಣದ ಕೋಣೆ ಇನ್ನೊಂದು. ಅಕ್ಕಯ್ಯನ ಕೋಣೆಯ ಬಾಗಿಲಿಗೆ ಒಳಗಡೆ ಚಿಲಕವಿರಲಿಲ್ಲ. ಹೊರಗೆ ಮಾತ್ರ ಇತ್ತು. ಅಷ್ಟು ವರ್ಷ ಆ ಮನೆಯಲ್ಲಿ ಆಡಿ ಬೆಳೆದ ನಾನು ಅದನ್ನು ಗಮನಿಸಿದ್ದು ಅವತ್ತೇ. "ಬೇರೆ ಏನೇ ಇರಲಿ, ಇದಕ್ಕೆ ಮೊದಲು ಒಳಗಡೆ ಚಿಲಕ ಹಾಕಿಸು" ಎಂದೆ.

ಅವಳು ಬರೆದುಕೊಂಡಳು. ಆಮೇಲೆ ಕೋಣೆಗೆ ಅಕ್ಕಯ್ಯನ ಹೆಸರಿಡುವ ಆಸೆ ಎಂದಳು. "ಅವರ ಹೆಸರೇನು ಅತ್ತೆ?"

ನನಗೆ ಗೊತ್ತಿರಲಿಲ್ಲ. 1246ರಲ್ಲಿ ಕಲ್ಲು ಕಡೆದವನ ಹೆಸರನ್ನು ಬಂದವರಿಗೆಲ್ಲ ಹೇಳುತ್ತೇವೆ. ನಮ್ಮ ಮನೆಯಲ್ಲೇ 1984ರವರೆಗೆ ಇದ್ದವಳ ಹೆಸರು ಕೇಳಿದರೆ ಬಾಯಿ ಬರಲಿಲ್ಲ. ಟ್ರಂಕುಗಳನ್ನೆಲ್ಲ ತೆಗೆಸಿದೆ. ಹಳೆಯ ರೇಷನ್ ಕಾರ್ಡು ಸಿಕ್ಕಿತು. ಅದರಲ್ಲಿ ಮನೆಯವರ ಹೆಸರುಗಳ ಕೊನೆಯ ಸಾಲನ್ನು ಇರುವೆ ತಿಂದಿತ್ತು. ಕೋಣೆಗೆ ಹೆಸರು ಇಡಲಿಲ್ಲ. ಅಕ್ಕಯ್ಯನ ಕೋಣೆ ಎಂದೇ ಕರೆಯುತ್ತಾರೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮೊದಲ ಅತಿಥ್ಯಕ್ಕೆ ನಾನೂ ಹೋಗಿದ್ದೆ. ಬಂದವರು ಮೈಸೂರಿನ ಇಬ್ಬರು ಹೆಂಗಸರು, ದೇವಸ್ಥಾನ ನೋಡಲು. ಗಂಡಸರ ಜೊತೆಯಿಲ್ಲ. ರಾತ್ರಿ ಒಳಗಿನಿಂದ ಚಿಲಕ ಬಿದ್ದ ಸದ್ದು ನಡುಮನೆಯಲ್ಲಿ ಮಲಗಿದ್ದ ನನಗೆ ಕೇಳಿಸಿತು. ಬೆಳಿಗ್ಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವರಲ್ಲೊಬ್ಬಳು ಅಡುಗೆಮನೆಗೇ ಬಂದು ರೊಟ್ಟಿ ತಟ್ಟುವುದನ್ನು ನೋಡುತ್ತಾ ಮಣೆ ಎಳೆದುಕೊಂಡು ಕುಳಿತಳು. ಕೆರೆ ಬೀದಿಯ ಆಕೆ ಮೊದಲು ನಾಚಿ, ಆಮೇಲೆ ಅವಳ ಕೈಗೇ ಹಿಟ್ಟು ಕೊಟ್ಟಳು.

ಹೊರಡುವಾಗ ಅವರು ನೋಟು ಎಣಿಸತೊಡಗಿದರು. ಅಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ. ನೆಪಕ್ಕೆ ಒಂದು ಕೊಡ ಹಿಡಿದು ಹಿತ್ತಿಲಿಗೆ ಹೋದೆ. ಕಾರು ಹೋದ ಮೇಲೆ ಒಳಗೆ ಬಂದರೆ ಸೊಸೆ ಪಡಸಾಲೆಯಲ್ಲಿ, ಅಪ್ಪ ಕೂರುತ್ತಿದ್ದ ಮೇಜಿನ ಮುಂದೆ, ಹೊಸ ಲೆಕ್ಕದ ಪುಸ್ತಕ ತೆರೆದಿದ್ದಳು. ಮೇಲೆ ಶ್ರೀಕಾರ. ಅದರ ಕೆಳಗೆ ಮೊದಲ ಸಾಲಿನಲ್ಲಿ ಕೆರೆ ಬೀದಿಯ ಆಕೆಯ ಹೆಸರು, ತಂದೆಯ ಹೆಸರು ಸಮೇತ ಪೂರ್ತಿಯಾಗಿ. ಎದುರಿಗೆ ಅವಳ ಸಂಬಳ.